ನಾದಾ, ಫುಶಿಮಿ, ನೀಗಾತಾ: ಸಾಕೆಯಲ್ಲಿ ಊರಿನ ರುಚಿ ಎಲ್ಲಿ ಸಿಗುತ್ತೆ?

ನೀಲಿಬಳೆ

ಈ ಗುಂಪಿನಲ್ಲಿ ಜಪಾನಿನಲ್ಲೇ ಕೆಲಸ ಮಾಡುವವರೂ ಇದ್ದೀರಿ, ವರ್ಷಕ್ಕೊಮ್ಮೆ ಬಂದುಹೋಗುವವರೂ ಇದ್ದೀರಿ. ಅದಕ್ಕೇ ಈ ಮಾತು ಎತ್ತುತ್ತಿದ್ದೇನೆ.

ಸಾಕೆ, ಅಂದರೆ ಜಪಾನಿನ ಅಕ್ಕಿ ಮದ್ಯ, ಅದರ ಬಗ್ಗೆ ಯಾರನ್ನೇ ಕೇಳಿದರೂ ಊರಿನ ಹೆಸರು ಹೇಳುತ್ತಾರೆ. ಕೋಬೆ ಪಕ್ಕದ ನಾದಾ ಅಂದ್ರೆ ಖಡಕ್. ಕ್ಯೋಟೋದ ಫುಶಿಮಿ ಅಂದ್ರೆ ನಯ. ನೀಗಾತಾ ಅಂದ್ರೆ ತೆಳು, ಡ್ರೈ, ಅಂದರೆ ಸಿಹಿ ಇಲ್ಲದ್ದು. ಕೋಚಿ ಅಂದ್ರೆ ಇನ್ನೂ ಡ್ರೈ (ಕೇರಳದ ಕೊಚ್ಚಿ ಅಲ್ಲ, ಶಿಕೋಕು ದ್ವೀಪದ್ದು). ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿ, ನಾಲ್ಕು ಊರಿನ ದುಬಾರಿ ಬಾಟಲಿ ಸಾಲಾಗಿ ಇಟ್ಟು ಕುಡಿದು ನೋಡಿ. ಬಹಳಷ್ಟರಲ್ಲಿ ಅದೇ ಸೇಬಿನ ಪರಿಮಳ, ಅದೇ ನುಣುಪು. ಊರು ಎಲ್ಲಿ ಹೋಯಿತು?

ನನ್ನ ಲೆಕ್ಕ ಇಷ್ಟೇ. ಊರಿನ ರುಚಿ ಇರುವುದು ನಿಜ. ಆದರೆ ಅದು ಸಿಗುವುದು ಜನ ಮನೆಯಲ್ಲಿ ದಿನಾ ಕುಡಿಯುವ ಬಾಟಲಿಯಲ್ಲಿ, ಅದೂ ಸ್ವಲ್ಪ ಬೆಚ್ಚಗೆ ಮಾಡಿದಾಗ. ಬೆಲೆ ಏರಿದಷ್ಟೂ ಊರು ಅಳಿಸಿಹೋಗುತ್ತದೆ.

ಕಾರಣ ಅಕ್ಕಿಯಲ್ಲೇ ಇದೆ. ಕಾಳಿನ ಹೊರಪದರದಲ್ಲಿ ಪ್ರೋಟೀನ್, ಕೊಬ್ಬು ಜಾಸ್ತಿ. ಒರಟುತನವೂ ಅಲ್ಲಿಂದಲೇ, ಬಾಯಿ ತುಂಬುವ ರುಚಿಯೂ ಅಲ್ಲಿಂದಲೇ. ಹೊನ್‌ಜೋಜೋ ಎಂಬ ಗ್ರೇಡ್ ಅನ್ನಿಸಿಕೊಳ್ಳಲು ಪಾಲಿಶ್ ಆದಮೇಲೆ ಕಾಳಿನ 70% ಅಥವಾ ಅದಕ್ಕಿಂತ ಕಡಿಮೆ ಉಳಿದಿರಬೇಕು. ಅದಕ್ಕಿಂತ ಮೇಲಿನ ಗ್ರೇಡ್ ಗಿಂಜೋಗೆ 60%, ಇನ್ನೂ ಮೇಲಿನ ದಾಯ್‌ಗಿಂಜೋಗೆ 50%. ಜುನ್‌ಮಾಯ್ ಅಂದ್ರೆ ಹೊರಗಿನ ಆಲ್ಕೋಹಾಲ್ ಸೇರಿಸದ ಸಾಕೆ, ಅದಕ್ಕೆ 2004ರಿಂದ ಇಂಥ ಮಿತಿ ಇಲ್ಲ. ಈಗ ದಾಯ್‌ಗಿಂಜೋ ಮಾಡುವವರನ್ನು ನೋಡಿ. ಯಾವ ಮೂಲೆಯಲ್ಲಿದ್ದರೂ ಹ್ಯೋಗೋ ಪ್ರಾಂತ್ಯದ ಯಾಮದಾ ನಿಶಿಕಿ ಅಕ್ಕಿಯನ್ನೇ ತರಿಸುವವರು ಜಾಸ್ತಿ. ಸ್ಪರ್ಧೆಗೆ ಅಂತ ಒಂದು ಕಾಲದಲ್ಲಿ ‘ವೈಕೆ35’ ಎಂಬ ಸೂತ್ರವೇ ಇತ್ತು: ಯಾಮದಾ ನಿಶಿಕಿ, ಕುಮಾಮೊತೊ ಈಸ್ಟ್, 35% ಉಳಿಯುವಷ್ಟು ಪಾಲಿಶ್. ಎಲ್ಲರೂ ಇದನ್ನೇ ಮಾಡಿದರೆ ಊರಿನದು ಅಂತ ಉಳಿಯುವುದು ನೀರು ಮತ್ತು ಮಾಡುವವರ ಕೈ, ಅಷ್ಟೇ.

ಏನಂತೀರಿ?

ಸುಮ್ನೆ_ನೋಡ್ತಿದ್ದೆ

ಮೇಡಂ, ನೀರಲ್ಲಿ ಅಂಥದ್ದೇನಿದೆ? ಸುಮ್ನೆ ಮಾರಾಟಕ್ಕೆ ಕಟ್ಟಿದ ಕಥೆ ಅಲ್ವಾ ಅದು? ಪ್ರತಿ ಕಂಪನಿಯ ಲೇಬಲ್ ಮೇಲೂ ಬೆಟ್ಟದ ಬುಗ್ಗೆ ನೀರು ಅಂತ ಬರೆದಿರುತ್ತಾರೆ.

ನೀಲಿಬಳೆ

ಲೇಬಲ್ ಬಿಡಿ. ನಾದಾದಲ್ಲಿ ಇದನ್ನು ಒಬ್ಬರು ಪರೀಕ್ಷೆ ಮಾಡಿಯೇ ಕಂಡುಕೊಂಡರು. ಯಾಮಾಮುರಾ ತಾಜಾಎಮೊನ್ ಎಂಬುವರಿಗೆ ಎರಡು ಕಡೆ ಕುರಾ ಇತ್ತು (ಕುರಾ ಅಂದ್ರೆ ಸಾಕೆ ಮಾಡುವ ಜಾಗ), ನಿಶಿನೋಮಿಯಾದಲ್ಲಿ ಒಂದು, ಉವೋಜಾಕಿಯಲ್ಲಿ ಒಂದು. ಮಧ್ಯೆ ಹೆಚ್ಚು ದೂರವಿಲ್ಲ. ಆದರೂ ಪ್ರತಿ ವರ್ಷ ನಿಶಿನೋಮಿಯಾದ ಸಾಕೆಯೇ ಚೆನ್ನಾಗಿ ಬರುತ್ತಿತ್ತು. ಅಕ್ಕಿ ಒಂದೇ ಮಾಡಿದರು, ಫಲ ಬದಲಾಗಲಿಲ್ಲ. ತೋಜಿಗಳನ್ನು, ಅಂದರೆ ಮುಖ್ಯ ಮೇಸ್ತ್ರಿಗಳನ್ನು, ಅದಲುಬದಲು ಮಾಡಿದರು. ಆಗಲೂ ಇಲ್ಲ. ಕೊನೆಗೆ ನಿಶಿನೋಮಿಯಾದ ಬಾವಿ ನೀರನ್ನು ಉವೋಜಾಕಿಗೆ ಹೊರಿಸಿದರು. ಅಲ್ಲಿಯ ಸಾಕೆಯೂ ಚೆನ್ನಾಗಿ ಬಂತು. ಇದು 1840ರ ಮಾತು. ಆಮೇಲೆ ಉಳಿದ ಕುರಾಗಳೂ ಆ ನೀರಿಗೆ ಮುಗಿಬಿದ್ದವು. ಅದೇ ಮಿಯಾಮಿಜು.

ಅದು ಗಡಸು ನೀರು. ರಂಜಕ, ಪೊಟ್ಯಾಸಿಯಂ ಜಾಸ್ತಿ, ಈಸ್ಟ್‌ಗೆ ಅದೇ ಊಟ. ಕಬ್ಬಿಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಬ್ಬಿಣ ಇದ್ದರೆ ಸಾಕೆಯ ಬಣ್ಣವೂ ಕೆಡುತ್ತದೆ, ರುಚಿಯೂ ಕೆಡುತ್ತದೆ. ಈಸ್ಟ್ ಜೋರಾಗಿ ಕೆಲಸ ಮಾಡಿ ಸಕ್ಕರೆಯನ್ನೆಲ್ಲ ತಿಂದುಹಾಕುತ್ತದೆ, ಸಾಕೆ ಡ್ರೈ ಆಗುತ್ತದೆ. ಚಳಿಗಾಲದಲ್ಲಿ ಹಿಂಡಿದಾಗ ನಾದಾ ಸಾಕೆ ಒರಟು. ಬೇಸಿಗೆ ಕಳೆದು ಶರತ್ಕಾಲಕ್ಕೆ ಹದವಾಗುತ್ತದೆ.

ಫುಶಿಮಿ ನೀರು ಅಷ್ಟು ಗಡಸಲ್ಲ. ಗೋಕೋನೋಮಿಯಾ ದೇವಸ್ಥಾನದಲ್ಲಿ ಗೋಕೋಸುಯಿ ಬುಗ್ಗೆ ಇದೆ, ಜನ ಕ್ಯಾನ್ ಹಿಡಿದುಕೊಂಡು ಬಂದು ತುಂಬಿಸಿಕೊಂಡು ಹೋಗುತ್ತಾರೆ. ಹೋದಾಗ ಸಾಕೆಗಿಂತ ಮೊದಲು ಆ ನೀರು ಕುಡಿಯಿರಿ. ಆಮೇಲೆ ಅಲ್ಲೇ ಹತ್ತಿರದ ಯಾವುದಾದರೂ ಕುರಾದ ಸಾದಾ ಜುನ್‌ಮಾಯ್ ಕುಡಿಯಿರಿ. ಆ ನಯ ಎಲ್ಲಿಂದ ಬಂತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಗಂಗಾವತಿ_ಸೋನಾ

ನಮ್ಮದು ರೈಸ್ ಮಿಲ್ ಮನೆತನ. ಸಾಕೆ ಬಗ್ಗೆ ಹೆಚ್ಚು ಗೊತ್ತಿಲ್ಲ, ಅಕ್ಕಿ ಬಗ್ಗೆ ಗೊತ್ತು. ಊಟದ ಅಕ್ಕಿಗೆ ನಾವು ತೆಗೆಯುವುದು ಹೆಚ್ಚೆಂದರೆ ಹತ್ತು ಪರ್ಸೆಂಟ್ ತೌಡು. ಅರ್ಧ ಕಾಳು ಉಜ್ಜಿ ಹಾಕುತ್ತಾರೆ ಅಂದರೆ ನಮ್ಮಪ್ಪ ನಂಬಲೇ ಇಲ್ಲ. ‘ನುಚ್ಚಾಗಿ ಹೋಗಲ್ವಾ?’ ಅಂದರು.

ಕಳೆದ ಸಲ ಕಂಪನಿ ಕೆಲಸಕ್ಕೆ ಹಿರೋಷಿಮಾ ಕಡೆ ಹೋಗಿದ್ದಾಗ ಸೈಜೋ ನೋಡಿದೆ. ಸಾತಾಕೆ ಮಿಲ್ ಯಂತ್ರಗಳ ಕಂಪನಿಯ ಊರು ಅದೇ. ನಮ್ಮ ಕಡೆ ಮಿಲ್‌ನವರಿಗೆ ಆ ಹೆಸರು ಹೊಸದಲ್ಲ. ಕಂಪನಿ ಹುಟ್ಟಿದ್ದೇ 1896ರಲ್ಲಿ, ಜಪಾನಿನ ಮೊದಲ ಯಂತ್ರಚಾಲಿತ ಅಕ್ಕಿ ಮಿಲ್‌ನಿಂದ. ಸಾಕೆಗೆ ಇಟ್ಟಿರುವ ಯಂತ್ರ ನಿಂತ ಕಂಬದ ಹಾಗೆ ಎತ್ತರ. ಕಾಳು ಮೇಲಿಂದ ಬಿದ್ದು, ಒಳಗಿನ ಸಾಣೆಕಲ್ಲಿಗೆ ಸವರಿಕೊಂಡು, ಕೆಳಗೆ ಬಂದು, ಮತ್ತೆ ಮೇಲೆ ಹೋಗುತ್ತದೆ. ಅರ್ಧಕ್ಕೆ ಇಳಿಸಲು ಎರಡು ದಿನದಷ್ಟು ಓಡಿಸಬೇಕಂತೆ. ಅವಸರ ಮಾಡಿದರೆ ಕಾಳು ಬಿಸಿಯಾಗಿ ಬಿರಿಯುತ್ತದೆ. ಆದಮೇಲೆ ಕೂಡಲೇ ನೆನೆಹಾಕುವಂತಿಲ್ಲ, ವಾರಗಟ್ಟಲೆ ಸುಮ್ನೆ ಇಡಬೇಕು. ಅಂಗೈ ಮೇಲೆ ಹಾಕಿಕೊಂಡೆ. ಅಕ್ಕಿ ಅನ್ನಿಸಲಿಲ್ಲ, ಉರುಟು ಮಣಿ. ಮಧ್ಯದಲ್ಲಿ ಬೆಳ್ಳಗಿನ ಚುಕ್ಕೆ. ಊಟದ ಅಕ್ಕಿಯಲ್ಲಿ ಅಂಥ ಹೊಟ್ಟೆಬಿಳಿ ಇದ್ದರೆ ನಮ್ಮಲ್ಲಿ ದರ ಕಡಿಮೆ. ಅಲ್ಲಿ ಅದಕ್ಕೇ ಬೆಲೆ, ಅಕ್ಕಿಯ ಪಿಷ್ಟವನ್ನು ಸಕ್ಕರೆ ಮಾಡುವ ಕೋಜಿ ಬೂಷ್ಟು ಬೇರು ಇಳಿಯುವುದು ಅಲ್ಲಿಗೇ ಅಂತೆ.

ಉಳಿದ ಹಿಟ್ಟು ಏನಾಗುತ್ತೆ ಅಂತ ಕೇಳಿದೆ. ಒಳಗಿನ ಬಿಳಿ ಹಿಟ್ಟು ಸೆಂಬೆಯ್ ಬಿಸ್ಕತ್ತಿಗೆ ಹೋಗುತ್ತದೆ, ಹೊರಗಿನದು ದನಕರುಗಳಿಗೆ.

ನೀಲಿಬಳೆ

ಸೈಜೋ ನೆನಪಿಸಿದ್ದಕ್ಕೆ ಥ್ಯಾಂಕ್ಸ್, ಸರ್. ಹಿರೋಷಿಮಾ ನೀರು ತುಂಬಾ ಮೆದು. ಈಸ್ಟ್‌ಗೆ ಊಟ ಸಾಲದು, ನಾದಾ ರೀತಿಯಲ್ಲಿ ಮಾಡಲು ಹೋದರೆ ಅರ್ಧದಲ್ಲೇ ಕೆಡುತ್ತಿತ್ತು. ಅಲ್ಲೇ ಆಕಿತ್ಸು ಊರಿನಲ್ಲಿ ಸಾಕೆ ಮಾಡುತ್ತಿದ್ದ ಮಿಉರಾ ಸೆಂಜಬುರೋ ಇದಕ್ಕೆ ದಾರಿ ಹುಡುಕಿದರು. ಕೋಜಿಯನ್ನು ಕಾಳಿನ ಒಳಗೆ ಚೆನ್ನಾಗಿ ಇಳಿಯಲು ಬಿಡುವುದು, ಆಮೇಲೆ ಕಡಿಮೆ ಉಷ್ಣತೆಯಲ್ಲಿ ನಿಧಾನಕ್ಕೆ ಹುದುಗಿಸುವುದು. 1898ರಲ್ಲಿ ಇದನ್ನು ಪುಸ್ತಕ ಮಾಡಿ ಎಲ್ಲರಿಗೂ ಹಂಚಿದರು, ಗುಟ್ಟು ಮಾಡಲಿಲ್ಲ. 1907ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಹಿರೋಷಿಮಾ ಸಾಕೆಗಳು ನಾದಾವನ್ನೇ ಹಿಂದೆ ಹಾಕಿದವು. ಇಂದಿನ ಗಿಂಜೋ ಬೆಳೆದದ್ದು ಈ ನಿಧಾನದ ದಾರಿಯಿಂದ. ಅಂದರೆ ಊರನ್ನು ಅಳಿಸುವ ಶೈಲಿ ಹುಟ್ಟಿದ್ದೂ ಒಂದು ಊರಿನ ನೀರಿನ ತೊಂದರೆಯಿಂದಲೇ!

ಹಮಾಮಾತ್ಸು_ಹುಡುಗ

ನಾನು ಇದನ್ನು ಒಪ್ಪಲ್ಲ ಮೇಡಂ. ಶಿಜುವೋಕಾದಲ್ಲಿ ಕೂತು ‘ದುಬಾರಿ ಗಿಂಜೋದಲ್ಲಿ ಊರು ಅಳಿಸಿಹೋಗುತ್ತೆ’ ಅಂತ ಓದಿದರೆ ನಗು ಬರುತ್ತೆ. ಇಲ್ಲಿನ ಗಿಂಜೋ ಕಣ್ಣು ಮುಚ್ಚಿ ಕುಡಿದರೂ ಗೊತ್ತಾಗುತ್ತದೆ. ಸೇಬಿನ ವಾಸನೆ ಅಲ್ಲ, ಬಾಳೆಹಣ್ಣು, ಕರಬೂಜದ ವಾಸನೆ. ಅದೂ ಮೂಗಿಗೆ ಹೊಡೆಯಲ್ಲ. ಹುಳಿ ಕಡಿಮೆ. ಎರಡನೇ ಲೋಟಕ್ಕೆ ಬೇಜಾರಾಗಲ್ಲ.

ಕಾರಣ ಈಸ್ಟ್. ಪ್ರಾಂತ್ಯದ ಸರ್ಕಾರಿ ಪ್ರಯೋಗಾಲಯದವರೇ ಶಿಜುವೋಕಾ ಈಸ್ಟ್ ಬೆಳೆಸಿ ಕುರಾಗಳಿಗೆ ಕೊಟ್ಟರು. ಎಚ್‌ಡಿ-1 ಅಂತ ಒಂದು ಇದೆ, ಕೇಳಿರಬಹುದು. 1986ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಇಲ್ಲಿಗೆ ಚಿನ್ನದ ಪದಕಗಳು ಗುಂಪಾಗಿ ಬಂದವು. ಅಲ್ಲಿವರೆಗೆ ಶಿಜುವೋಕಾ ಅಂದ್ರೆ ಟೀ ಅನ್ನುತ್ತಿದ್ದರು. ಇಲ್ಲಿನ ಬ್ರಾಂಡ್‌ಗಳಾದ ಇಸೋಜಿಮಾನ್, ಕೈಉನ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಹೇಳಿ.

ನೀಲಿಬಳೆ

ರುಚಿ ಬೇರೆ ಅನ್ನುವುದರಲ್ಲಿ ತಕರಾರಿಲ್ಲ. ಆದರೆ ಅದು ಪ್ರಯೋಗಾಲಯದ ರುಚಿ, ನೆಲದ್ದಲ್ಲ. ನಾಳೆ ಬೇರೆ ಈಸ್ಟ್ ಕೊಟ್ಟರೆ ಬೇರೆ ರುಚಿ.

ಹಮಾಮಾತ್ಸು_ಹುಡುಗ

ಮಿಯಾಮಿಜು ಬಾವಿಯೂ 1840ಕ್ಕೆ ಮುಂಚೆ ಬರೀ ಬಾವಿ ತಾನೇ? ಯಾರೋ ಹುಡುಕಿದರು, ಸುತ್ತಲಿನವರೆಲ್ಲ ಬಳಸಿದರು, ಊರಿನ ಗುಣ ಆಯಿತು. ಇಲ್ಲಿ ಹುಡುಕಿದ್ದು ಸರ್ಕಾರಿ ಆಫೀಸಿನವರು, ಅಷ್ಟೇ ವ್ಯತ್ಯಾಸ. ಫುಕುಶಿಮಾವನ್ನೂ ನೋಡಿ. ರಾಷ್ಟ್ರೀಯ ಸ್ಪರ್ಧೆಯಲ್ಲಿ ಸತತ 9 ಸಲ ಅತಿ ಹೆಚ್ಚು ಚಿನ್ನ ಗೆದ್ದರು, 2022ರವರೆಗೆ. ಅದರ ಹಿಂದೆ ಇದ್ದದ್ದೂ ಪ್ರಾಂತ್ಯದವರು ನಡೆಸುವ ಸಾಕೆ ಶಾಲೆ.

ಹುಳಿಮಜ್ಜಿಗೆ

ಇಬ್ಬರೂ ಜಗಳ ಆಡ್ತಾ ಇರಿ, ನಾನು ಇಶಿಕಾವಾದ ಯಾಮಾಹಾಯ್ ಬೆಚ್ಚಗೆ ಮಾಡಿಕೊಂಡು ಬರ್ತೀನಿ.

ಗೊತ್ತಿಲ್ಲದವರಿಗೆ: ಸಾಕೆಗೆ ಮೊದಲು ಒಂದು ಹೆಪ್ಪು ಮಾಡಿಕೊಳ್ಳುತ್ತಾರೆ. ಅದರಲ್ಲಿ ಹುಳಿ ಇರಲೇಬೇಕು, ಇಲ್ಲದಿದ್ದರೆ ಬೇಡದ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವೆ. ಈಗ ಹೆಚ್ಚಿನವರು ಲ್ಯಾಕ್ಟಿಕ್ ಆಸಿಡ್ ನೇರ ಸುರಿಯುತ್ತಾರೆ, ಎರಡು ವಾರದಲ್ಲಿ ಕೆಲಸ ಮುಗಿಯಿತು. ಹಳೇ ಕಿಮೋತೋ ವಿಧಾನದಲ್ಲಿ ಗಾಳಿಯಲ್ಲಿ, ಕುರಾದಲ್ಲಿ ಇರುವ ಬ್ಯಾಕ್ಟೀರಿಯಾವೇ ಬಂದು ಹುಳಿ ಮಾಡಬೇಕು. ಅದಕ್ಕೆ ಹೆಚ್ಚುಕಡಿಮೆ ಅದರ ಎರಡರಷ್ಟು ಸಮಯ. ರಾತ್ರಿಯೆಲ್ಲ ಕೋಲು ಹಿಡಿದು ಅಕ್ಕಿ ಅರೆಯಬೇಕು. 1909ರಲ್ಲಿ ಆ ಅರೆಯುವ ಕೆಲಸ ಬೇಕಾಗಿಲ್ಲ ಅಂತ ತೋರಿಸಿದರು, ಅದು ಯಾಮಾಹಾಯ್. ಹುಳಿ ಮಜ್ಜಿಗೆಯ ವಾಸನೆ ಇರುತ್ತದೆ, ನನ್ನ ಹೆಸರು ಸುಮ್ನೆ ಬಂದಿಲ್ಲ. ತೆಂಗುಮಾಯ್ ಅನ್ನೋ ಬ್ರಾಂಡ್ ಒಂದು ಸಲ ಕುಡಿದು ನೋಡಿ. ಬಣ್ಣವೇ ಹಳದಿ. ನೀಗಾತಾದವರು ಅದನ್ನು ಇದ್ದಿಲಲ್ಲಿ ಸೋಸಿ ತೆಗೆದುಬಿಡುತ್ತಾರೆ.

ಬರೀನೀರು_ಅಲ್ಲ

ನೀಗಾತಾ ಬಗ್ಗೆ ಯಾರಾದರೂ ಹೀಗೆ ಅಂದೇ ಅನ್ನುತ್ತಾರೆ ಅಂತ ಕಾಯ್ತಿದ್ದೆ. ಮಾರಾಯ, ಹಿಮದ ನೀರು ಮೆದು. ಅಲ್ಲಿಯ ಗೋಹ್ಯಾಕುಮಾಂಗೋಕು ಅಕ್ಕಿ ಗಟ್ಟಿ, ಸುಲಭಕ್ಕೆ ಕರಗಲ್ಲ. ಹಾಗಾಗಿ ಸಾಕೆ ಹಗುರ ಬರುತ್ತದೆ. ಅದು ಬರೀ ಇದ್ದಿಲಿನ ಕೆಲಸ ಅಲ್ಲ. ಎರಡನೇ ಮಹಾಯುದ್ಧದ ನಂತರ ಸಕ್ಕರೆ, ಆಲ್ಕೋಹಾಲ್ ಬೆರೆಸಿದ ಅಂಟುಅಂಟು ಸಾಕೆ ಕುಡಿದು ಸುಸ್ತಾದ ಜನ 1970ರ ದಶಕದಲ್ಲಿ ನೀಗಾತಾದ ಕೋಶಿ ನೋ ಕಾಂಬಾಯ್ ಬ್ರಾಂಡ್ ಹುಡುಕಿಕೊಂಡು ಹೋದರು. ಸಣ್ಣ ಊರಿನ ಸಾಕೆಗೆ ಟೋಕಿಯೋದಲ್ಲಿ ಬೆಲೆ ಬಂದದ್ದು ಅಲ್ಲಿಂದ. ಅಲ್ಲಿಯದೇ ಇನ್ನೊಂದು ಬ್ರಾಂಡ್ ಕುಬೋತಾ ಬಂದದ್ದು 1985ರಲ್ಲಿ.

ಹೋಲಿಸಿ ನೋಡಬೇಕು ಅನ್ನುವವರು ಎಚಿಗೋ ಯುಜಾವಾ ಸ್ಟೇಷನ್ನಿಗೆ ಹೋಗಿ. ಟೋಕಿಯೋದಿಂದ ಶಿಂಕಾನ್‌ಸೆನ್‌ನಲ್ಲಿ ಒಂದೂಕಾಲು, ಒಂದೂವರೆ ಗಂಟೆ. ಸ್ಟೇಷನ್ ಒಳಗೇ ಸಾಕೆ ರುಚಿ ನೋಡುವ ಪೊನ್‌ಶುಕಾನ್ ಇದೆ. ದುಡ್ಡು ಕೊಟ್ಟರೆ 5 ಟೋಕನ್, ಒಂದು ಪುಟ್ಟ ಕಪ್. ಗೋಡೆ ತುಂಬಾ ಯಂತ್ರಗಳು, ನೀಗಾತಾದ ಕುರಾಗಳೆಲ್ಲ ಸಾಲಾಗಿ. ಪಕ್ಕದಲ್ಲಿ ಬಗೆಬಗೆಯ ಉಪ್ಪು, ಸೌತೆಕಾಯಿ, ಮಿಸೋ (ಹುದುಗಿಸಿದ ಸೋಯಾ ಮುದ್ದೆ). ಅಲ್ಲಿ ನೋಡಿದರೆ ನೀಗಾತಾ ಎಲ್ಲಾ ಒಂದೇ ಅನ್ನೋ ಮಾತೂ ಬಿದ್ದುಹೋಗುತ್ತದೆ. ಕೆಲವು ಸಿಹಿ, ಕೆಲವು ಘಾಟು. ಜನ ಐದು ಟೋಕನ್ನೂ ದಾಯ್‌ಗಿಂಜೋ ಮೇಲೆ ಹಾಕಿ ‘ಎಲ್ಲಾ ಒಂದೇ ಥರ’ ಅಂತ ಗೊಣಗುತ್ತಾ ಹೋಗುತ್ತಾರೆ.

ನೀಲಿಬಳೆ

ಕೊನೆಯ ಸಾಲು ನನ್ನ ಪರ ಸಾಕ್ಷಿ ಅಂತ ಬರೆದುಕೊಳ್ತೀನಿ.

ಹೋಲಿಸುವಾಗ ಎಲ್ಲರೂ ಗ್ರೇಡ್ ಮರೆಯುತ್ತಾರೆ. ಕೋಚಿಯ ಹೊನ್‌ಜೋಜೋ ಪಕ್ಕದಲ್ಲಿ ಯಾಮಾಗಾತಾದ ದಾಯ್‌ಗಿಂಜೋ ಇಟ್ಟು ‘ಕೋಚಿ ಒರಟು, ಯಾಮಾಗಾತಾ ಪರಿಮಳ’ ಅಂದರೆ ಅದು ಊರಿನ ವ್ಯತ್ಯಾಸವೇ ಅಲ್ಲ. ಗ್ರೇಡ್ ಒಂದೇ ಇರಲಿ, ಪಾಲಿಶ್ ಹತ್ತಿರ ಹತ್ತಿರ ಇರಲಿ, ಬಿಸಿ ಒಂದೇ ಇರಲಿ. ಫ್ರಿಜ್‌ನಿಂದ ಈಗಷ್ಟೇ ತೆಗೆದದ್ದರಲ್ಲಿ ರುಚಿ ಅರ್ಧ ಮುಚ್ಚಿಹೋಗಿರುತ್ತದೆ.

ಕಿಕಿಜೋಕೋ ಕಪ್ ಸಿಕ್ಕರೆ ಒಳ್ಳೆಯದು. ಬಿಳಿ ಪಿಂಗಾಣಿ, ತಳದಲ್ಲಿ ಎರಡು ನೀಲಿ ಬಳೆ. ಸುರಿದು ಮೇಲಿಂದ ನೋಡಿ. ನೀಲಿ ಅಂಚು ಚೂಪಾಗಿ ಕಂಡರೆ ಸಾಕೆ ತಿಳಿ, ಮಸುಕಾದರೆ ಕದಡಿದೆ. ಬಿಳಿ ಜಾಗದಲ್ಲಿ ಹಳದಿ ಎಷ್ಟಿದೆ ಅಂತ ಗೊತ್ತಾಗುತ್ತದೆ. ಒಂದು ಗುಟುಕು ನಾಲಿಗೆ ಮೇಲೆ ಹರಡಿ, ಸ್ವಲ್ಪ ಗಾಳಿ ಎಳೆದುಕೊಂಡು, ಉಗಿದುಬಿಡಿ. ಉಗಿಯುವುದು ಅಲ್ಲಿ ಅವಮಾನವಲ್ಲ. ಒಂದು ಸುತ್ತು ಮುಗಿದಮೇಲೆ ಹಿಂದಿನಿಂದ ಮುಂದಕ್ಕೆ ಇನ್ನೊಂದು ಸುತ್ತು ನೋಡಿ. ಸಿಹಿಯಾದದ್ದರ ಹಿಂದೆ ಬಂದ ಪಾಪದ ಸಾಕೆ ಸುಮ್ಮಸುಮ್ಮನೆ ಕಹಿ ಅನ್ನಿಸಿಕೊಂಡಿರುತ್ತದೆ. ಮಧ್ಯೆ ಮಧ್ಯೆ ನೀರು ಕುಡಿಯಿರಿ.

ಬಾಟಲಿ ಹಿಂದಿನ ಪ್ಲಸ್, ಮೈನಸ್ ನಂಬರನ್ನು ಪೂರ್ತಿ ನಂಬಬೇಡಿ. ಪ್ಲಸ್ ಏರಿದಷ್ಟೂ ಡ್ರೈ ಅನ್ನುವುದು ಲೆಕ್ಕ. ಆದರೆ ಹುಳಿ ಕಡಿಮೆ ಇದ್ದರೆ ಪ್ಲಸ್ 5 ಕೂಡ ಸಿಹಿ ಅನ್ನಿಸಬಹುದು. ಹುಳಿಯ ನಂಬರನ್ನೂ ಜೊತೆಗೇ ಓದಿ.

ಬೆಚ್ಚಗೆ ಮಾಡುವುದಾದರೆ 40 ಡಿಗ್ರಿ ಸಾಕು. ಪುಟ್ಟ ಹೂಜಿಗೆ ಸುರಿದು, ಒಲೆ ಆರಿಸಿದ ಬಿಸಿನೀರಿನಲ್ಲಿ ಇಡಿ. ಮೈಕ್ರೋವೇವ್‌ನಲ್ಲಿ ಮೇಲೆ ಕುದಿ, ಕೆಳಗೆ ತಣ್ಣಗೆ. ನಾದಾದ ಕಿಮೋತೋ ಹೊನ್‌ಜೋಜೋ ತಣ್ಣಗೆ ಮುಖ ಗಂಟಿಕ್ಕಿಕೊಂಡಿರುತ್ತದೆ. 40ಕ್ಕೆ ಬಂದಾಗ ಅನ್ನದ ಸಿಹಿ ಮೇಲೆ ಬರುತ್ತದೆ, ಕೊನೆಯಲ್ಲಿ ಖಡಕ್ಕಾಗಿ ನಿಲ್ಲುತ್ತದೆ. ಅದೇ ಬಿಸಿಯಲ್ಲಿ ಫುಶಿಮಿಯದು ಹರಡಿಕೊಂಡು ಹೋಗುತ್ತದೆ, ನಿಲ್ಲುವುದಿಲ್ಲ. ಎರಡೂ ಅಗ್ಗದ ಬಾಟಲಿಗಳೇ. ಇಷ್ಟು ಸ್ಪಷ್ಟ ವ್ಯತ್ಯಾಸ ನನಗೆ ಹತ್ತು ಪಟ್ಟು ಬೆಲೆಯ ಬಾಟಲಿಯಲ್ಲಿ ಸಿಕ್ಕಿಲ್ಲ.

ಸುಮ್ನೆ_ನೋಡ್ತಿದ್ದೆ

ಕೋಚಿದು ಡ್ರೈ ಅಂತ ಎಲ್ಲರೂ ಅಂದಿರಿ. ಮೊನ್ನೆ ಒಬ್ಬರ ಮನೆಯಲ್ಲಿ ಕೋಚಿಯದು ಕುಡಿದೆ, ಅನಾನಸ್ ಜ್ಯೂಸ್ ಹಾಗಿತ್ತು!

ಹಮಾಮಾತ್ಸು_ಹುಡುಗ

ಲೇಬಲ್ ಮೇಲೆ ಸಿಇಎಲ್-24 ಅಂತ ಇತ್ತಾ? ಅದೂ ಕೋಚಿ ಪ್ರಯೋಗಾಲಯದ ಈಸ್ಟೇ. ಸಿಹಿ, ಹುಳಿ, ಅನಾನಸ್ ಎಲ್ಲಾ ಒಟ್ಟಿಗೆ. ಹಳೇ ಕೋಚಿ ಬೇಕಾದರೆ ಸುಯ್‌ಗೇಯ್ ಅಥವಾ ತ್ಸುಕಾಸಾಬೋತಾನ್ ನೋಡಿ. ಅಲ್ಲಿ ಹುಲ್ಲಿನ ಬೆಂಕಿಯಲ್ಲಿ ಸುಟ್ಟ ಕತ್ಸುವೋ ಮೀನಿಗೆ ಉಪ್ಪು, ಬೆಳ್ಳುಳ್ಳಿ ಹಾಕಿ ತಿನ್ನುತ್ತಾರೆ. ಅದಕ್ಕೆ ಸಿಹಿ ಸಾಕೆ ಹೊಂದಲ್ಲ. ಮೇಲಾಗಿ ಕುಡಿಯುವ ಪ್ರಮಾಣವೂ ಜಾಸ್ತಿ. ಬೆಕುಹಾಯ್ ಅಂತ ಕಪ್ ಇದೆ, ಒಂದಕ್ಕೆ ಉದ್ದ ಮೂಗು, ಇನ್ನೊಂದಕ್ಕೆ ತಳದಲ್ಲಿ ತೂತು. ಖಾಲಿ ಮಾಡದೆ ಕೆಳಗೆ ಇಡೋ ಹಾಗೇ ಇಲ್ಲ.

ತೋಫು_ರಾಯ

ಮೀನು ಅಂದಿರಿ, ಅದಕ್ಕೇ ಕೇಳ್ತಿದ್ದೀನಿ. ನಾನು ಸಸ್ಯಾಹಾರಿ. ಸಾಕೆ ಜೊತೆ ನಂಚಿಕೊಳ್ಳೋಕೆ ಏನು ಸಿಗುತ್ತೆ? ಇಜಕಾಯಾದಲ್ಲಿ, ಅಂದ್ರೆ ಅಲ್ಲಿನ ಪಬ್‌ನಲ್ಲಿ, ಎಡಮಾಮೆ (ಹಸಿ ಸೋಯಾಕಾಯಿ) ಬಿಟ್ಟು ಬೇರೆ ಏನೂ ಕೇಳೋಕೆ ಧೈರ್ಯ ಬರಲ್ಲ.

ಹುಳಿಮಜ್ಜಿಗೆ

ರಾಯರೇ, ಎಚ್ಚರಿಕೆ ಒಳ್ಳೆಯದೇ. ಆಗೆದಾಶಿ ತೋಫು (ಕರಿದ ತೋಫು) ನೋಡಲು ಸಾಧು, ಆದರೆ ಸಾರಿನಲ್ಲಿ ಸಾಮಾನ್ಯವಾಗಿ ದಾಶಿ, ಅಂದರೆ ಮೀನಿನ ರಸ ಇರುತ್ತದೆ. ತಣ್ಣನೆ ತೋಫು ಮೇಲೆ ಕತ್ಸುವೋಬುಶಿ (ಒಣಮೀನಿನ ತುರಿ) ಉದುರಿಸಿರುತ್ತಾರೆ, ಮೊದಲೇ ಬೇಡ ಅನ್ನಿ. ತರಕಾರಿ ತೆಂಪುರಾಗೆ ಅದ್ದುವ ಸಾರು ಬೇಡ, ಉಪ್ಪು ಕೇಳಿ. ಮಿಸೋ ಹಚ್ಚಿದ ಸೌತೆಕಾಯಿ ಸಿಗುತ್ತದೆ, ಮೊರೋಕ್ಯೂ ಅಂತ. ನಾರಾ ಊರಿನ ನಾರಾಜುಕೆ ನನ್ನ ಮೆಚ್ಚಿನದು, ಸಾಕೆ ಹಿಂಡಿ ಉಳಿದ ಗಸಿಯಲ್ಲಿ ತರಕಾರಿ ಹುಗಿದಿಟ್ಟ ಉಪ್ಪಿನಕಾಯಿ. ಅದಕ್ಕೇ ಸ್ವಲ್ಪ ನಶೆ ಇರುತ್ತದೆ.

ಮನೆಯಲ್ಲಾದರೆ ಕೋಡುಬಳೆಗೆ ಯಾಮಾಹಾಯ್ ಸೈ. ಖಾರದ ಮುಂದೆ ನೀಗಾತಾದ್ದು ಎಲ್ಲಿ ಹೋಯಿತು ಅಂತಲೇ ಗೊತ್ತಾಗಲ್ಲ. ಇನ್ನೊಂದು ಮಾತು, ಸೈಕಲ್‌ನಲ್ಲಿ ಹೋಗಬೇಡಿ. 2024ರ ನವೆಂಬರ್‌ನಿಂದ ಕುಡಿದು ಸೈಕಲ್ ಓಡಿಸಿದರೂ ಕೇಸ್ ಬೀಳುತ್ತದೆ.

ಗಂಗಾವತಿ_ಸೋನಾ

ಒಂದು ಡೌಟು. ಹೊರಗಿನ ಅಕ್ಕಿ ತರಿಸಿದರೂ ಊರಿನ ಹೆಸರು ಹಾಕಬಹುದಾ?

ನೀಲಿಬಳೆ

ಅದು ಆಯಾ ಊರಿನ ನಿಯಮದ ಮೇಲೆ. ಜಿಐ ಟ್ಯಾಗ್ ಈಗ ಹಲವು ಕಡೆ ಇದೆ. ಸಾಕೆಗೆ ಮೊದಲು ಸಿಕ್ಕಿದ್ದು ಇಶಿಕಾವಾದ ಹಾಕುಸಾನ್‌ಗೆ, 2005ರಲ್ಲಿ. 2016ರಲ್ಲಿ ಯಾಮಾಗಾತಾ ಇಡೀ ಪ್ರಾಂತ್ಯಕ್ಕೆ ಪಡೆಯಿತು. ಅವರು ಅಲ್ಲಿಯ ನೀರು ಕಡ್ಡಾಯ ಅನ್ನುತ್ತಾರೆ, ಅಕ್ಕಿ ಜಪಾನಿನದಾದರೆ ಸಾಕು. ಸಾಗಾದವರು 2021ರಲ್ಲಿ ಪಡೆದಾಗ ಅಕ್ಕಿಯೂ ಸಾಗಾದ್ದೇ ಇರಬೇಕು ಅಂದರು. ನನ್ನ ಓಟು ಸಾಗಾಕ್ಕೆ. ಫುಶಿಮಿಯಲ್ಲೂ ಇವಾಯ್ ಅಂತ ಕ್ಯೋಟೋದ ಹಳೇ ಅಕ್ಕಿಯನ್ನು ಮತ್ತೆ ಬೆಳೆಸುತ್ತಿದ್ದಾರೆ, ಆ ಹೆಸರು ಕಂಡರೆ ಬಿಡಬೇಡಿ.

ಮುಂದಿನ_ಫ್ಲೈಟ್

ಇಷ್ಟೂ ಓದಿದೆ, ಈಗ ನನ್ನ ಸಮಸ್ಯೆ. ಮುಂದಿನ ವಾರ ಬೆಂಗಳೂರಿಗೆ ಹೊರಟಿದ್ದೀನಿ, ಅಪ್ಪನಿಗೆ ತಗೊಂಡು ಹೋಗಬೇಕು. ಏನು ತಗೊಳ್ಳಲಿ? ಅವರು ವಿಸ್ಕಿ ಬಿಟ್ಟು ಬೇರೆ ಮುಟ್ಟಿದವರಲ್ಲ.

ನೀಲಿಬಳೆ

ಕಸ್ಟಮ್ಸ್ ಮಿತಿ 2 ಲೀಟರ್. 720 ಎಂಎಲ್ ಬಾಟಲಿ ಎರಡು ಆರಾಮಾಗಿ ಹೋಗುತ್ತದೆ, ಮೂರನೆಯದು ಹಾಕಿದರೆ ಮಿತಿ ದಾಟುತ್ತದೆ. ನಾದಾದ ಕಿಮೋತೋ ಹೊನ್‌ಜೋಜೋ ಒಂದು, ಫುಶಿಮಿಯ ಜುನ್‌ಮಾಯ್ ಒಂದು. ಪಾಶ್ಚರೈಸ್ ಮಾಡದ ನಾಮಾ ಸಾಕೆ ಬೇಡವೇ ಬೇಡ, ಫ್ರಿಜ್ ತಪ್ಪಿದರೆ ದಾರಿಯಲ್ಲೇ ಕೆಡುತ್ತದೆ. ಬಟ್ಟೆಯಲ್ಲಿ ಸುತ್ತಿ ಚೆಕ್‌ಇನ್ ಸೂಟ್‌ಕೇಸಿಗೆ ಹಾಕಿ. ಮುಚ್ಚಳ ತೆಗೆದಮೇಲೆ ಫ್ರಿಜ್‌ನಲ್ಲಿಡಿ, ವಿಸ್ಕಿ ಥರ ವರ್ಷಗಟ್ಟಲೆ ಕಪಾಟಿನಲ್ಲಿ ಇಡೋ ಹಾಗಿಲ್ಲ. ಇದರಲ್ಲಿ ಆಲ್ಕೋಹಾಲ್ 15-16% ಮಾತ್ರ ಅಂತಲೂ ಹೇಳಿ, ಇಲ್ಲದಿದ್ದರೆ ಸೋಡಾ ಸುರಿದುಬಿಡುತ್ತಾರೆ.

ಮುಂದಿನ_ಫ್ಲೈಟ್

ಹೇಳಿದರೂ ಸುರಿಯುತ್ತಾರೆ ಮೇಡಂ. ಅವರಿಗೆ ಸೋಡಾ ಇಲ್ಲದೆ ಆಗಲ್ಲ.

ನೀಲಿಬಳೆ

ಹಾಗಾದರೆ ನಾದಾದ್ದು ಕೊಡಿ, ಅದು ತಡೆದುಕೊಳ್ಳುತ್ತೆ. ಫುಶಿಮಿದು ನೀವೇ ಇಟ್ಟುಕೊಳ್ಳಿ.